ನಾಲೆಗಿಳಿಸಿದ ಬಾಟಲಿ

ನಾಲೆಗೆ ನೀರು ಬಿಟ್ಟು ಮೂರೇ ದಿನ.
ಏಪ್ರಿಲ್ಲಿನ ಭಾನುವಾರ, ಏರಿಯ ಮಣ್ಣು ಹಂಚಿನಂತೆ ಸುಡುತ್ತದೆ.
ಫಿಲೋಮಿನಾ ಟೀಚರು ಬನ್ನಿಮಂಟಪದಿಂದ ಪಾಂಡವಪುರದ ಬಸ್ಸಿನಲ್ಲಿ
ಮಡಿಲ ಮೇಲೇ ಇಟ್ಟುಕೊಂಡು ತಂದ ಎರಡು ಬಾಟಲಿ:
ಹೋದ ವರ್ಷದ ನೇರಳೆ,
ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಕತ್ತಲಲ್ಲಿ ಕೂರಿಸಿದ್ದು.
ತೋಟದಲ್ಲಿ ಫ್ರಿಜ್ಜೆಲ್ಲಿ?
ಕತ್ತಿಗೆ ಕರು ಕಟ್ಟುವ ಹಗ್ಗ ಬಿಗಿದು
ಎರಡನ್ನೂ ನೀರಿಗೆ ಇಳಿಬಿಟ್ಟೆ.

ಅಷ್ಟರಲ್ಲಿ ಹೊಂಗೆಯ ನೆರಳಲ್ಲಿ
ಜಿಲೇಬಿ ಮೀನು ಕಾವಲಿಯ ಮೇಲೆ ಮಗ್ಗುಲು ಬದಲಿಸಿತು.
ಬನ್ನೂರು ಕುರಿಯ ಸಾರಿಗೆ ನಮ್ಮತ್ತೆ ಕೆಂಪಾಜಮ್ಮ
ಹುರಿಗಡಲೆ, ಗಸಗಸೆ ಅರೆದು ಕದಡಿ,
ಮುದ್ದೆ ತೊಳಸುತ್ತ ಮೂಗಿನ ತುದಿಯ ಬೆವರನ್ನು
ತೋಳಿನಿಂದಲೇ ಆಚೆ ತಳ್ಳಿದರು.

ಹಗ್ಗ ಎಳೆದರೆ ಬಂದಿದ್ದು ಒಂದೇ.
ನನ್ನ ಗಂಟು ಯಾವಾಗಲೂ ಹೀಗೇ.
ಇನ್ನೊಂದು ಈಗ ಸುರಂಗದ ಕತ್ತಲಲ್ಲಿ
ತಣ್ಣಗೆ ಮದ್ದೂರಿನ ಹಾದಿ ಹಿಡಿದಿರಬೇಕು.

ಟೀಚರು ನಕ್ಕೇ ನಕ್ಕರು.
ಉಳಿದದ್ದನ್ನು ಸ್ಟೀಲ್ ಲೋಟಗಳಿಗೆ ಹಂಚಿದೆವು,
ಅತ್ತೆಗೂ ಎರಡು ಬೆರಳು.
"ಕಸಾಯ ಕಣಮ್ಮಿ, ಒಸಿ ಒಗರು" ಅಂದರು.
ಲೋಟ ಮಾತ್ರ ಮತ್ತೆ ಮುಂದಕ್ಕೆ ಬಂತು.

ಗರಿಗರಿ ಮೀನಿನ ಬಾಲ, ಉಪ್ಪುಖಾರದ ಮಾವಿನಕಾಯಿ ಹೋಳು,
ಮೂಳೆಯೊಳಗಿನ ನೆಣ ಹೀರಿದ ಸದ್ದು,
ಆಮೇಲೆ ಒಂದು ಗುಟುಕು.
ಮೂವರೂ ನಾಲಿಗೆ ಚಾಚಿ ನೇರಳೆ ಬಣ್ಣ ತೋರಿಸಿಕೊಂಡೆವು,
ಐವತ್ತು, ಅರವತ್ತು, ಎಪ್ಪತ್ತೆಂಟರ ಹುಡುಗಿಯರು.

ಬಿಸಿಲು ಇಳಿಯಲೇ ಇಲ್ಲ.
ಇಳಿಯಲಿ ಅಂತ ಯಾರಿಗೂ ಅನ್ನಿಸಿರಲೂ ಇಲ್ಲ.
ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟ ಅತ್ತೆ
ಹರಿವ ಕಡೆಗೇ ನೋಡುತ್ತಿದ್ದರು:
"ಅದ್ಯಾರ್ ಕೈಗೆ ಸಿಕ್ತದೋ,
ಜೊತ್ಗೆ ಮೀನು ಹುರ್ಕೊಂಡವ್ರೋ ಇಲ್ವೋ, ಪಾಪ."