ಸಾಲಗಾರ್ತಿ

ಪತ್ರ ಬಂದಿದೆ, ಹದಿನಾಲ್ಕು ಪುಟ.
ನನ್ನ ಹೆಸರು ತಪ್ಪಾಗಿದೆ, ಬೆನೆಡಿಕ್ಟಾ ಹೋಗಿ ಬೆನಡಿಕಟ್ಟಿ.
ವಕೀಲರ ಗುಮಾಸ್ತ ಶೇಷಗಿರಿ ಬೆರಳಿಟ್ಟು ಓದಿ ಹೇಳಿದ:
‘ಇದರಲ್ಲಿ ನೀವು ಸಾಲಗಾರ್ತಿ, ಸಿಸ್ಟರ್.’

ಯಾರ ಹತ್ತಿರ ಏನು ತಗೊಂಡೆನಪ್ಪ ನಾನು?
‘ತಗೊಂಡದ್ದಲ್ಲ, ಕೊಟ್ಟದ್ದು.’
ಕೊಟ್ಟವಳೂ ಸಾಲಗಾರ್ತಿ, ತಿಂದವನೂ ಸಾಲಗಾರ.
ನಮ್ಮ ಭಾಷೆ ಇಬ್ಬರಿಗೂ ಒಂದೇ ಅಂಗಿ ಹೊಲಿಸಿಟ್ಟಿದೆ,
ಬಟ್ಟೆ ಉಳಿಯಲಿ ಅಂತ.

ನಾನು ಕೊಟ್ಟದ್ದು ಸಾಲವಲ್ಲ, ನೆಲ.
ಎರಡು ಸಾವಿರದ ಇನ್ನೂರು ಚದರಡಿ.
ಮೆಗ್ಗಾನ್ ಆಸ್ಪತ್ರೆಯ ಇಪ್ಪತ್ತೊಂಬತ್ತು ವರ್ಷದ ನೈಟ್ ಡ್ಯೂಟಿ
ಸಿಮೆಂಟಾಗಿ ದುರ್ಗಿಗುಡಿಯಲ್ಲಿ ನಿಂತದ್ದು.
ಮನೆಸಿರಿ ಮಾರ್ಟಿನವರು ಬಿಳಿ ಟೈಲ್ಸು ಬೇಕೆಂದರು, ಹಾಕಿಸಿದೆ.
ಲಿಫ್ಟು ಬೇಕೆಂದರು, ಬ್ಯಾಂಕಿಗೆ ಹೋದೆ.
ಅಲ್ಲಿ ಮಾತ್ರ ನಾನು ಸಾಲಗಾರ್ತಿ.

ಮೊದಲ ತಿಂಗಳು ತಪ್ಪಿದಾಗ: ‘ಸಿಸ್ಟಮ್ ಬದಲಾಗ್ತಿದೆ ಮೇಡಂ.’
ಮೂರನೆಯದಕ್ಕೆ: ‘ಹೆಡ್ಡಾಫೀಸು.’
ಐದನೆಯದಕ್ಕೆ ಏರಿಯಾ ಮ್ಯಾನೇಜರ್ ರೋಹಿತಾಶ್ವ
ಫೋನು ಎತ್ತುವುದನ್ನೇ ಮರೆತ.
ಹನ್ನೊಂದನೆಯದಕ್ಕೆ ಷಟರು ಬಿತ್ತು.
ಒಳಗೆ ಫ್ರೀಜರಿನಲ್ಲಿ ಬಂಗುಡೆ ಇತ್ತೆಂದು
ನಾಲ್ಕನೇ ದಿನ ಇಡೀ ಅಡ್ಡರಸ್ತೆಗೆ ತಿಳಿಯಿತು.

ಬೀಗ ಅವರದು. ತೆಗೆಯುವ ಹಾಗಿಲ್ಲ.
ನ್ಯಾಯಮಂಡಳಿ ಹೇಳಿದೆ, ಕಂಪನಿಗೆ ಹುಷಾರಿಲ್ಲ,
ಯಾರೂ ಮುಟ್ಟಬೇಡಿ, ಕೇಳಬೇಡಿ, ಎಬ್ಬಿಸಬೇಡಿ.
ಮೆಸ್ಕಾಂ ಬಿಲ್ಲು ನನ್ನ ಹೆಸರಿಗೆ. ಕಂದಾಯವೂ.
ಬಾರದ ಬಾಡಿಗೆಗೆ ನೂರಕ್ಕೆ ಹದಿನೆಂಟು ತೆರಿಗೆ ಕಟ್ಟಿದ್ದೇನೆ,
ತಿಂಗಳು ತಿಂಗಳು ಬಿಲ್ಲು ಕಳಿಸಿದ ತಪ್ಪಿಗೆ.

ಹುಷಾರಿಲ್ಲದವರನ್ನು ಕಂಡವಳು ನಾನು.
ಹೆಂಗಸರ ವಾರ್ಡಿನಲ್ಲಿ ರಾತ್ರಿ ಮೂರಕ್ಕೆ
ನಾಡಿ ಹಿಡಿದು ಗಡಿಯಾರ ನೋಡಿದವಳು.
ಸಾಯುವವರ ಉಗುರು ಮೊದಲು ಹೇಳುತ್ತದೆ, ಕಣ್ಣು ಆಮೇಲೆ.
ಡ್ಯೂಟಿ ತಪ್ಪಿಸಲು ಹೊಟ್ಟೆ ಹಿಡಿದು ಮಲಗಿದ ವಾರ್ಡ್‌ಬಾಯ್‌ಗೆ
ಸೂಜಿ ತೋರಿಸಿದರೆ ಸಾಕಿತ್ತು.
ಈ ಕಂಪನಿಯ ಕೈ ಎಲ್ಲಿದೆ?
ಎಲ್ಲಿ ಹಿಡಿಯಲಿ?

ಸವಳಂಗ ರಸ್ತೆಯಲ್ಲಿ ಹೋದ ಶುಕ್ರವಾರ ಹೊಸ ಅಂಗಡಿ.
ಸಿರಿಮನೆ ಫ್ರೆಶ್.
ಅದೇ ಹಸಿರು ಬುಟ್ಟಿ. ಬಿಲ್ಲು ಹಾಕುವವಳು ಅದೇ ಹೇಮಾಕ್ಷಿ,
ನನ್ನನ್ನು ಕಂಡು ಕತ್ತು ತಗ್ಗಿಸಿದಳು.
ಅವಳದೂ ಮೂರು ತಿಂಗಳ ಸಂಬಳ
ಹಳೆಯ ಹೆಸರಿನಲ್ಲೇ ಉಳಿದಿದೆಯಂತೆ.
ಬಾಗಿಲಲ್ಲಿ ರೋಹಿತಾಶ್ವ, ಕೆನ್ನೆ ತುಂಬಿಕೊಂಡು;
ನಾಡಿ ಎಪ್ಪತ್ತೆರಡು ಇರಬೇಕು.
‘ಅದು ಬೇರೆ ಕಂಪನಿ ಮೇಡಂ, ಇದು ಬೇರೆ.’
ಮಂಚ ಬದಲಾಯಿಸಿದರೆ ಕಾಯಿಲೆ ಹೋಗುತ್ತದೆಂದು
ನಮಗೆ ನರ್ಸಿಂಗಿನಲ್ಲಿ ಕಲಿಸಿರಲಿಲ್ಲ.

ಇವತ್ತು ಐದನೇ ತಾರೀಖು.
ನನ್ನ ಮೆಟ್ಟಿಲ ಕೆಳಗೆ ಬುಡೇನ್ ಸಾಬ್,
ಕೊಡೆ, ಕುಕ್ಕರು, ಗ್ಯಾಸಿನ ಒಲೆ. ಬಾಡಿಗೆ ಒಂಬೈನೂರು.
ಹರ್ನಿಯಾ ಆಪರೇಷನ್ನಿನ ತಿಂಗಳು
ಹೆಂಡತಿ ಕೈಲಿ ಹತ್ತರ ನಾಣ್ಯಗಳಲ್ಲಿ ಕಳಿಸಿದ್ದ.
ಎರಡು ದಿನ ತಡವಾಯಿತೆಂದು, ಗುಣವಾಗಿ ಬಂದ ಮೇಲೆ,
ನನ್ನ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ಟು.

ಪತ್ರದ ವಿಷಯ ಹೇಳಿದೆ.
ಕೊಡೆಯ ತಂತಿ ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದ:
‘ನನ್ನನ್ನೂ ಅದಕ್ಕೆ ಸೇರಿಸಿಬಿಡಿ ಸಿಸ್ಟರಮ್ಮ. ಏನು ಬೇಕಾಗುತ್ತೆ?’
ಒಂದು ಕೋಟಿ ಬಾಕಿ ಇರಬೇಕಂತೆ ಬುಡೇನ್.
ಕಮ್ಮಿ ಇದ್ದವರಿಗೆ ಅಲ್ಲಿ ಹಾಸಿಗೆ ಇಲ್ಲ.
ತಂತಿ ತೆಗೆದು ಪಕ್ಕಕ್ಕಿಟ್ಟು ಬೆರಳ ಗೆಣ್ಣಿನಲ್ಲಿ ಎಣಿಸಿದ:
‘ಈ ತಿಂಗಳದ್ದು ಕೊಡದಿದ್ದರೂ ಇನ್ನೂ
ತೊಂಬತ್ತೊಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ನೂರು ಕಮ್ಮಿ.
ಸಾಲಲ್ಲ ಬಿಡಿ.’
ದುಡ್ಡು ಕೊಟ್ಟ.

ಏಳನೇ ಕಾಲಮ್ಮು ಖಾಲಿ ಇದೆ: ಬರಬೇಕಾದದ್ದು ಎಷ್ಟು.
ಹದಿನೈದು ಲಕ್ಷ ನಲವತ್ತು ಸಾವಿರ ಎಂದು ಬರೆದರೆ
ನೂರಕ್ಕೆ ಮೂರು ಸಿಗಬಹುದು ಅಂದಿದ್ದಾನೆ ಶೇಷಗಿರಿ,
ಅದೂ ಅವರ ಮನಸ್ಸು ಬಂದರೆ.
ಬಂಗುಡೆಗೆ ಕಾಲಮ್ಮಿಲ್ಲ.

ಕೆಳಗಿನಿಂದ ಬುಡೇನ್ ಕೂಗುತ್ತಿದ್ದಾನೆ,
ರಸೀದಿಯಲ್ಲಿ ತಿಂಗಳು ತಪ್ಪಾಗಿದೆ, ಹೋದ ತಿಂಗಳದ್ದು ಬರೆದಿದ್ದೀರಿ.
ಇಳಿದು ಹೋಗಿ ಹೊಡೆದುಹಾಕಿ ತಿದ್ದಿದೆ,
ಪಕ್ಕದಲ್ಲಿ ಸಣ್ಣ ಸಹಿ.