ಒಣಂಗಡಿ

ಮಳೆಗೆಂದು ಡಿಸಿ ರಜೆ ಕೊಟ್ಟ ದಿನ
ಬೋಳಾರದ ಮುಚ್ಚಿದ ಹಂಚಿನ ಕಾರ್ಖಾನೆಯ
ತಣ್ಣಗಾದ ಆವಿಗೆಯೊಳಗೆ
ಹಿಲ್ಡಾ ಒಂದು ಮರಳುಗಾಡು ಮಾಡಿದಳು.

ಹೆಸರು ಒಣಂಗಡಿ.
ಸಾಲ ತೀರಿಸಲಾಗದೆ ಕಡಲು
ರಾತ್ರೋರಾತ್ರಿ ಓಡಿಹೋದ ಊರು.
ಏಡಿಗಳು ಮಾತ್ರ ಕಾದು ಕಾದು
ಮನೆಯಷ್ಟು ಬೆಳೆದಿವೆ. ಅವುಗಳ ಬೆನ್ನೇರಿ
ಜನ ಅಡ್ಡಡ್ಡ ಹೋಗುತ್ತಾರೆ,
ಹಾಗಾಗಿ ಹೊರಟ ಕಡೆಗೆ ಯಾರೂ ಮುಟ್ಟುವುದಿಲ್ಲ.

ನೆರಳು ಬಾಡಿಗೆಗೆ: ಗಂಟೆಗೆ ಎರಡು ಹಲ್ಲು.
ಅತ್ತರೆ ದಂಡ.
ಗಾಳಿಗೆ ಹೆಸರು ಹೇಳಬಾರದು,
ಹೇಳಿದರೆ ಉಜ್ಜಿ ಉಜ್ಜಿ
ಒಂದಕ್ಷರ ಕಮ್ಮಿ ಮಾಡಿ ವಾಪಸು ಕೊಡುತ್ತದೆ.

ಹಂಚಿನ ಕೆಂಪು ಪುಡಿ ಮೈಗೆ ಬಳಿದುಕೊಂಡು
ನಾನೂ ಮೈಮೂನಾಳೂ ಪ್ರಜೆಗಳು.
ಹೊರಗೆ ನೇತ್ರಾವತಿ
ಕಾಂಪೌಂಡಿಗೆ ಬೆನ್ನುಜ್ಜುತ್ತಿತ್ತು.
ಬಾಗಿಲ ಸೂರಿನಿಂದ ಒಂದೇ ಸಮ ನೀರು.
ಕೈಚಾಚಿದೆ. ಕದ್ದು ಅಂಗೈ ನೆಕ್ಕಿದೆ.

ಹಿಲ್ಡಾ ಬೈಯಲಿಲ್ಲ.
ಸೀಮೆಸುಣ್ಣ ತೆಗೆದು
ಗೋಡೆಯ ನಕ್ಷೆಯಲ್ಲಿ, ನನ್ನ ಗುಡಿಸಲಿದ್ದಲ್ಲಿ,
'ಕೆರೆ' ಎಂದು ಬರೆದಳು.

ಮರುದಿನ ಶಾಲೆ ಇತ್ತು.
ಆಟ ಅಲ್ಲಿಗೇ ನಿಂತಿತು.
ನೀರಿನ ವಾಸನೆ ಹಿಡಿದ ಏಡಿಗಳು
ಇನ್ನೂ ಬರುತ್ತಿರಬೇಕು,
ಅಡ್ಡಡ್ಡ.