ಮೂವತ್ಮೂರು ಪೌಂಡ್

ಝಳಕಿ ಕ್ರಾಸಿನ್ಯಾಗ ನನ್ನ ಅಂಗಡಿ.
ಹಳೇ ಲಾರಿ ಟೈರಿಗೆ ಸುಣ್ಣ ಬಳದು ಬರಸೇನಿ:
ನದಾಫ್ ಪಂಚರ್, ಹಗಲೂ ರಾತ್ರಿ.

ಲೋಣಿಯ ಗುರುಪಾದಪ್ಪ ಬಿರಾದಾರರ ಬಿಳೀ ಕಾರು,
ಸ್ಟೇರಿಂಗ್ ಹಿಂದ ಒಂದು ಹಳದಿ ದೀಪ:
ಕುದುರಿ ಲಾಳದಂಥ ಗುರುತು,
ಅದರ ನಡುವ ಒಂದು ಗೀಟು, ಬುಡಕ ಚುಕ್ಕಿ.

"ಗಾಳಿ ಕಮ್ಮಿ ಐತಿ ಅಂತೈತಿ ಮಗಂದು, ದಿನಾ ಅಂತೈತಿ.
ಬಾಯಿ ಮುಚ್ಚಸೋ ಇದರದು."

ಹಿಂದಿನ ಎಡಗಾಲಿ ಸವದು ತಂತಿ ಕಾಣಾಕ ಹತ್ತಿತ್ತು.
ಟೈರ್ ಬದಲಸ್ರಿ ಅಂದೆ.
ನಿಂಬಿಹಣ್ಣಿನ ರೊಕ್ಕ ಬರಲಿ ಅಂದ್ರು.

ಎರಡನೇ ಸಲ ನಾ ಹೇಳಲಿಲ್ಲ.

ನಾಕೂ ಗಾಲಿ ಬಿಚ್ಚಿ ನಾಕೂ ಸೆನ್ಸಾರ್ ಕಿತ್ತೆ.
ಗೇಣುದ್ದ ಪೈಪಿನ್ಯಾಗ ಹಾಕಿ, ಎರಡೂ ಕಡೆ ಬೂಚು ಬಡದು,
ಸೊಲ್ಯೂಷನ್ ಬಳದು, ಒಂದು ವಾಲ್ ಕೂಡಿಸಿ
ಗಾಳಿ ತುಂಬಿದೆ. ಮೂವತ್ಮೂರು ಪೌಂಡ್.
ಹಿಂದಿನ ಸೀಟಿನ ಬುಡಕ ಮಲಗಿಸಿದೆ, ಕೂಸಿನಂಗ.

ದೀಪ ಆರಿತು.
ಗಾಡಿ ನಂಬಿತು.
ಮುನ್ನೂರು ರೂಪಾಯಿ, ಮ್ಯಾಲ ಒಂದು ಕಪ್ ಚಾ.

ಮೇ ತಿಂಗಳ ಮಟಮಟ ಮಧ್ಯಾಹ್ನ, ಧೂಳಖೇಡದ ಸನೇಕ
ಎಡಗಾಲಿ ಸಿಡೀತು.
ಬಿರಾದಾರರಿಗೆ ಏನೂ ಆಗಲಿಲ್ಲ.
ಹಿಂದ ಕುಂತಿದ್ದಾಕಿ ಅವರ ಸೊಸಿ, ನೀಲಾಂಬಿಕಾ.
ಅಕಿ ಎಡಗೈ ಈಗ ತುಂಬಿದ ತಂಬಿಗಿ ಎತ್ತೂದಿಲ್ಲ.

ಇನ್ಶೂರೆನ್ಸಿನ ಸರ್ವೇಯರ್ ಬಂದ,
ಪಾಲಿಥಿನ್ ಚೀಲದಾಗ ಆ ಪೈಪ್ ಹಿಡಕೊಂಡು.
"ಇದು ಯಾರ ಕೆಲಸ?"
"ಮಾಲಕರು ಹೇಳಿದ್ರು" ಅಂದೆ.
"ಮಿಸ್ತ್ರಿ ಅವ, ನನಗೇನ್ ತಿಳೀತೈತಿ" ಅಂದ್ರು ಬಿರಾದಾರರು.
ಸರ್ವೇಯರ್ ಎರಡೂ ಬರಕೊಂಡ,
ಒಂದರ ಬುಡಕ ಒಂದು, ಒಂದ ಪೆನ್ನಿಲೆ.
ಕ್ಲೇಮ್ ಕಷ್ಟ ಐತಿ, ಕೋರ್ಟಿನ್ಯಾಗ ಇಬ್ಬರೂ ನಿಲ್ಲಬೇಕಾಗ್ತೈತಿ ಅಂದ.
ನೀಲಾಂಬಿಕಾ ಏನಂದಳು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಮ್ಯಾಲ ಅವ ನನ್ನ ಗೇಜ್ ಇಸಗೊಂಡ.
ಪೈಪಿನ ವಾಲಿಗೆ ಹಚ್ಚಿದ.
ಮುಳ್ಳು ಎದ್ದು ನಿಂತಿತು: ಮೂವತ್ಮೂರು.

ಗಾಡಿ ಮಗುಚಿತ್ತು, ಗಾಜು ಪುಡಿ ಆಗಿತ್ತು, ಎಲುಬು ಮುರದಿತ್ತು.
ನಾ ತುಂಬಿದ ಗಾಳಿ ಒಂದು ಗೆರಿ ಇಳಿದಿರಲಿಲ್ಲ.

ಇಪ್ಪತ್ತೆರಡು ವರ್ಷದಾಗ
ಇಷ್ಟು ಚೊಲೋ ಕೆಲಸ ನಾ ಮಾಡಿದ್ದಿಲ್ಲ ಅಂತ
ಒಂದು ಗಳಿಗಿ, ಅಲ್ಲಾನ ಆಣಿ, ಒಂದ ಗಳಿಗಿ
ಎದಿ ಉಬ್ಬಿತು.